ಅಪ್ಪನಿಗೆ ಒಪ್ಪಿಗೆಯಾಗದ ಹಡಗುಗಳು

ಗೋರೆಗಾಂವ್‌ನಲ್ಲಿ ಒಂದೊಂದು ಕೋಣೆಯ ಸಾಲುಮನೆಗಳ ನಮ್ಮ ಚಾಳಿನ ಗ್ಯಾಲರಿಯಲ್ಲಿ ಸಂಜೆ ಗಂಡಸರು ಸೇರಿದರೆ ಮಾತೆಲ್ಲ ಮಿಲ್ಲಿನದ್ದು, ಇಲ್ಲವೇ ಲೋಕಲ್ ಟ್ರೇನಿನ ನೂಕುನುಗ್ಗಲಿನದ್ದು. ನನ್ನ ಅಪ್ಪ ರಜೆಯಲ್ಲಿ ಮನೆಗೆ ಬಂದಾಗ ಮಾತ್ರ ಎಲ್ಲರೂ ಸುಮ್ಮನಾಗಿ ಅವರ ಬಾಯಿ ನೋಡುತ್ತಿದ್ದರು. ಅಪ್ಪ ಪ್ರಯಾಣಿಕರ ಹಡಗುಗಳಲ್ಲಿ ಸ್ಟೂವರ್ಡ್ ಆಗಿದ್ದರು, ಅಂದರೆ ಸಲೂನು ಎನ್ನುವ ಊಟದ ಹಜಾರದಲ್ಲಿ ಬಡಿಸುವವರು. ಉಡುಪಿ ಕಡೆಯಿಂದ ಬೊಂಬಾಯಿಗೆ ಬಂದ ನಮ್ಮವರೆಲ್ಲ ಹೋಟೆಲು ಸೇರಿ ಇಡ್ಲಿ ಬಡಿಸಿದರೆ ಇವರು ಹಡಗು ಸೇರಿ ಬಿಳಿಯರಿಗೆ ಸೂಪು ಬಡಿಸಿದರು, ಅಷ್ಟೇ ವ್ಯತ್ಯಾಸ ಎಂದು ಅಮ್ಮ ಅಣಕಿಸುತ್ತಿದ್ದಳು. ಹಾಗೆ ಅಣಕಿಸಿದರೂ ಅಪ್ಪ ಮಾತು ತೆಗೆದರೆ ಎಲ್ಲರಿಗಿಂತ ಮೊದಲು ಕಿವಿ ಕೊಡುತ್ತಿದ್ದವಳು ಅವಳೇ.

ಅಪ್ಪ ಕೂತು ಮಾತಾಡಿದ್ದನ್ನು ನಾನು ಕಂಡವಳಲ್ಲ. ಗ್ಯಾಲರಿಯ ಕಟಕಟೆಗೆ ಬೆನ್ನು ತಾಗಿಸದೆ, ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತೇ ಹೇಳುತ್ತಿದ್ದರು. ಊಟಕ್ಕೂ ಹಾಗೆಯೇ. ನಮ್ಮನ್ನೆಲ್ಲ ಕೂರಿಸಿ ಬಡಿಸಿ, ಅಮ್ಮನಿಗೂ ಬಡಿಸಿ, ಕಡೆಗೆ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಹತ್ತಿರ ತಟ್ಟೆ ಹಿಡಿದು ನಿಂತು ನಾಲ್ಕು ತುತ್ತು ನುಂಗಿಬಿಡುವರು. "ಇದು ಹಡಗಲ್ಲ ಮಾರಾಯ್ರೆ, ಮನೆ. ಒಂದು ಸಲ ಕೂತ್ಕೊಳ್ಳಿ" ಎಂದು ಅಮ್ಮ ಗದರಿದರೆ, "ಹಾಂ ಹಾಂ, ಕೂತೆ" ಎನ್ನುವರು. ಕೂರುತ್ತಿರಲಿಲ್ಲ. ಬಡಿಸಿಕೊಳ್ಳುವ ಗಂಡಸರ ಬೊಂಬಾಯಿಯಲ್ಲಿ ಬಡಿಸುವ ಗಂಡ ಸಿಕ್ಕಿದ್ದಕ್ಕೆ ಚಾಳಿನ ಹೆಂಗಸರು ಅಮ್ಮನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅಮ್ಮನಿಗೆ ಬೇಕಾದದ್ದು ಬೇರೆ ಇತ್ತು.

ಅಪ್ಪ ಮೂರು ಕಂಪನಿಗಳ ಹಡಗುಗಳಲ್ಲಿ ದುಡಿದಿದ್ದರು. ಅವುಗಳನ್ನು ತೂಗಿ ನೋಡುವುದೇ ಅವರ ಜೀವನದ ದೊಡ್ಡ ಸುಖ. ಇಂಗ್ಲಿಷರ ಕಂಪನಿಯ ಬಿಳಿ ಹಡಗಿನಲ್ಲಿ ಶಿಸ್ತು ಅಂದರೆ ಶಿಸ್ತು. ಗಂಟೆ ಬಾರಿಸಿದ ಮೇಲೆಯೇ ಊಟ. ಬಡಿಸುವವನ ಬೂಟಿನ ಸದ್ದು ಕೇಳಬಾರದು, ಉಸಿರು ಕೇಳಬಾರದು. ಉಣ್ಣುವವರ ಎಡಭುಜದ ಹಿಂದೆ ನಿಲ್ಲಬೇಕು, ಅವರ ಕಣ್ಣಿಗೆ ಬೀಳಬಾರದು. ಸಮುದ್ರ ಏರಿದ ದಿನ ಮೇಜಿನ ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡಿದರೆ ತಟ್ಟೆ ಜಾರುವುದಿಲ್ಲ ಎಂಬುದನ್ನು ಅಪ್ಪ ಕಲಿತದ್ದು ಅಲ್ಲಿ. "ಬಡಿಸುವುದು ಹೇಗೆ ಅಂತ ನೋಡ್ಬೇಕಾದ್ರೆ ಇಂಗ್ಲಿಷರದ್ದು ನೋಡ್ಬೇಕು. ಆದ್ರೆ ಊಟ? ಬೇಯಿಸಿದ ಬಟಾಟೆ! ಆಸ್ಪತ್ರೆಯವರು ಸಹ ಅದಕ್ಕಿಂತ ಚಂದ ಮಾಡ್ತಾರೆ" ಎನ್ನುವರು.

ಇಟಲಿಯವರ ಹಡಗು ಇದಕ್ಕೆ ತದ್ವಿರುದ್ಧ. ಅಲ್ಲಿ ಅಪ್ಪ ಸ್ವಲ್ಪ ಕಾಲ ಮಾತ್ರ ಇದ್ದರು, ಅದೂ ಪ್ಯಾಂಟ್ರಿಯಲ್ಲಿ ಪಾತ್ರೆ ಒರೆಸುವ ಕೆಲಸಕ್ಕೆ. ಆದರೆ ಹೊಗಳಿಕೆಯೆಲ್ಲ ಅದಕ್ಕೇ. ಅಡುಗೆಯವರು ಜಗಳವಾಡುತ್ತಲೇ ಹಾಡುವರಂತೆ, ಹಾಡುತ್ತಲೇ ಅಳುವರಂತೆ. ಪ್ರಯಾಣಿಕರಿಗೆ ಬಂದ ಬಿಸಿ ರೊಟ್ಟಿಯೇ ಪಾತ್ರೆ ಒರೆಸುವವನಿಗೂ. ಮಕ್ಕಳು ಸಲೂನಿನ ತುಂಬ ಓಡಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಸಂಜೆ ಡೆಕ್ಕಿನ ಮೇಲೆ ಕ್ಯಾನ್ವಾಸಿನ ಕುರ್ಚಿ ಎರಡೆರಡು ಜೋಡಿಸಿಟ್ಟಿರುತ್ತಾರೆ, ಗಂಡಹೆಂಡತಿ ಅಕ್ಕಪಕ್ಕ ಕಾಲು ಚಾಚಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಈ ಕುರ್ಚಿಗಳ ಮಾತು ಬಂದಾಗಲೆಲ್ಲ ಅಮ್ಮ ಮತ್ತೊಮ್ಮೆ ಕೇಳುವಳು: "ಎರಡೆರಡು ಅಲ್ವಾ? ಮಧ್ಯದಲ್ಲಿ ಜಾಗ ಇರುವುದಿಲ್ಲ ಅಲ್ವಾ?"

ಮೂರನೆಯದು ಆಫ್ರಿಕಾಕ್ಕೆ ಹೋಗುವ ಹಡಗು. ಗುಜರಾತಿ ವ್ಯಾಪಾರಿಗಳ ಸಂಸಾರಗಳು, ಉಪ್ಪಿನಕಾಯಿ ಭರಣಿಗಳು, ತೊಟ್ಟಿಲು, ಟ್ರಂಕು. ಡೆಕ್ಕಿನ ಮೇಲೆ ಕಾಲಿಡಲು ಜಾಗವಿಲ್ಲ. ಅಪ್ಪ ಮೂಗು ಮುರಿಯುವರು: "ಅದು ಹಡಗಾ? ವಿರಾರ್ ಲೋಕಲ್! ಬಾಗಿಲಲ್ಲಿ ನೇತಾಡುವವರೊಬ್ಬರು ಇಲ್ಲ, ಅಷ್ಟೇ."

ಅಮ್ಮ ಯಾವ ಹಡಗನ್ನೂ ಹತ್ತಿದವಳಲ್ಲ. ಬ್ಯಾಲಾರ್ಡ್ ಪಿಯರಿನ ಹಡಗುಕಟ್ಟೆಗೆ ಅಪ್ಪನನ್ನು ಕಳಿಸಲು ಹೋದಾಗ ಕಂಡದ್ದು ಸಾಮಾನು ಏರಿಸುವ ಹಿಂಭಾಗದ ಏಣಿ, ಒಂದಷ್ಟು ಹಗ್ಗ, ಮೇಲೆ ಸಾಲು ಕಿಟಕಿ. ಆದರೂ ಅವಳು ಯಾವ ಹಡಗಿನಲ್ಲಿ ಬೆಳಗ್ಗೆ ಏನು ಕೊಡುತ್ತಾರೆ, ಯಾವುದರ ಮೆಟ್ಟಿಲಿಗೆ ಕಂಬಳಿ ಹಾಸಿದೆ, ಯಾವುದರಲ್ಲಿ ಚಾ ನೀರುನೀರಾಗಿರುತ್ತದೆ ಎಂದು ಹೋಗಿ ಬಂದವಳ ಹಾಗೆ ಹೇಳುವಳು. ಪಕ್ಕದ ಖೋಲಿಯಲ್ಲಿ ಬಿಜಾಪುರದ ಒಬ್ಬ ಹೆಂಗಸಿದ್ದಳು, ನಾವು ಮಕ್ಕಳೆಲ್ಲ ಕಾಕಿ ಎನ್ನುತ್ತಿದ್ದೆವು. ಕಟ್ಟಡದ ಕೆಲಸಕ್ಕೆ ಹೋಗುವವಳು, ಮುಖ ಮುರಿದಂತೆ ಮಾತಾಡುವವಳು. ಒಂದು ದಿನ ನಲ್ಲಿಯ ಹತ್ತಿರ ಅಮ್ಮನಿಗೆ ಅಂದೇಬಿಟ್ಟಳು: "ಏನಬೇ, ನಿನ ಗಂಡ ದೇಶದ ಮಂದೀಗೆಲ್ಲಾ ಹಡಗದಾಗ ಬಡಸ್ತಾನಂತ. ನಿನಗೊಂದ್ ಸಲಾನೂ ಕುಂದ್ರಿಸಿಕೊಂಡು ಹೋಗಿಲ್ಲಂದ್ರ ಏನ್ ಬಂತು?"

ಆ ರಾತ್ರಿಯ ಊಟಕ್ಕೆ ಮುಂಚೆ ಅಮ್ಮ ಅಪ್ಪನನ್ನು ಕೇಳಿದಳು. ದೊಡ್ಡದೇನೂ ಅಲ್ಲ. ಒಂದು ಸಲ ಇಬ್ಬರೂ ಟಿಕೆಟು ತೆಗೆದವರಂತೆ ಹಡಗು ಹತ್ತಬೇಕು, ಡೆಕ್ಕಿನ ಮೇಲೆ ಅಕ್ಕಪಕ್ಕ ಕೂರಬೇಕು. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಸೌಟನ್ನೇ ಎತ್ತಿ ಆಣೆ ಹಾಕಿದರು.

ಆಮೇಲೆ ಶುರುವಾಯಿತು ನೋಡಿ ಈ ಮನುಷ್ಯನ ತೂಕ. ಆಫ್ರಿಕಾ ಹಡಗಿನವರು ಹಳೆಯ ನೌಕರರ ಹೆಂಡತಿಯರಿಗೆ ಕಡಿಮೆ ದರದಲ್ಲಿ ಜಾಗ ಕೊಡುತ್ತಿದ್ದರು. ಮೊಂಬಾಸಾಕ್ಕೆ ಹೋಗಿ ಅದೇ ಹಡಗಿನಲ್ಲಿ ವಾಪಸು. ಅಮ್ಮ ಸೀರೆ ಕೂಡ ತೆಗೆದಿಟ್ಟಳು. ಅಪ್ಪ ಒಪ್ಪಲಿಲ್ಲ. "ಮೊದಲ ಸಲ ಹಡಗು ಹತ್ತುವವಳನ್ನು ಆ ಉಪ್ಪಿನಕಾಯಿ ಭರಣಿಗಳ ಮಧ್ಯ ಕೂರಿಸುವುದಾ? ಎಂತ ಮಾತಾಡ್ತಿ!" ಇಂಗ್ಲಿಷರ ಹಡಗಿನಲ್ಲಿ ಒಬ್ಬ ದೊಡ್ಡ ಸ್ಟೂವರ್ಡ್ ಗೋವೆಯವನು, ಕೊಲಂಬೊವರೆಗೆ ಒಂದು ಸಣ್ಣ ಕ್ಯಾಬಿನ್ ಮಾಡಿಸಿಕೊಡುತ್ತೇನೆ ಎಂದ. ಅದೂ ಬೇಡವಾಯಿತು, ಅಲ್ಲಿಯ ಊಟ ಅಮ್ಮನಿಗೆ ಸೇರುವುದಿಲ್ಲ, ಕ್ಯಾಬಿನ್ ಎಂಜಿನ್ನಿನ ಮೇಲೆ ಬರುತ್ತದೆ, ಸದ್ದು. ಹೋದರೆ ಇಟಲಿಯವರದ್ದರಲ್ಲೇ ಹೋಗಬೇಕು. ಮುಂದಿನ ವರ್ಷ. ಅದರ ಮುಂದಿನ ವರ್ಷ. ಹತ್ತು ಸೀರೆ ನೋಡಿ ಒಂದೂ ಕೊಳ್ಳದೆ ಅಂಗಡಿ ಮುಚ್ಚಿಸುವ ಗಿರಾಕಿಗಳಿರುತ್ತಾರಲ್ಲ, ಹಾಗೆ. ನನಗೆ ಆಗಲೇ ಸಿಟ್ಟು ಬರುತ್ತಿತ್ತು. ಅಮ್ಮನಿಗೆ ಬರುತ್ತಿರಲಿಲ್ಲ, ತನಗಾಗಿಯೇ ಇಷ್ಟು ಆರಿಸುತ್ತಿದ್ದಾರೆ ಎಂಬ ಜಂಬ ಅವಳದ್ದು.

ಅಷ್ಟರಲ್ಲಿ ಸುಯೆಜ್ ಕಾಲುವೆ ಮುಚ್ಚಿತು. ಯುರೋಪಿನ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು, ಬೊಂಬಾಯಿ ಅವುಗಳ ದಾರಿಯಿಂದ ದೂರವಾಯಿತು. ದುಡ್ಡಿದ್ದವರು ವಿಮಾನ ಹಿಡಿದರು. ಎಪ್ಪತ್ತರ ದಶಕ ಕಾಲಿಡುವ ಹೊತ್ತಿಗೆ ಇಂಗ್ಲಿಷರ ಬಿಳಿ ಹಡಗುಗಳು ಬರುವುದು ನಿಂತೇಹೋಯಿತು. ಇಟಲಿಯವರದ್ದು ಅಪರೂಪವಾಯಿತು, ಬಂದರೂ ಇಲ್ಲಿಯ ಕೆಲಸಗಾರರನ್ನು ಕೇಳುವವರಿಲ್ಲ. ಅಪ್ಪ ಕೆಲಸವಿಲ್ಲದೆ ಮನೆಗೆ ಬಂದರು. ಆಮೇಲೆ ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರಾದರು. ಅಲ್ಲಿಯ ಸ್ಟೀಲಿನ ತಟ್ಟೆಗಳನ್ನೂ ಎಡಗಡೆಯಿಂದಲೇ ಇಡಬೇಕೆಂದು ಹೇಳಿ ನಗೆಪಾಟಲಾದರಂತೆ. ಗ್ಯಾಲರಿಯಲ್ಲಿ ಹಡಗುಗಳ ಹೋಲಿಕೆ ಮಾತ್ರ ಮುಂದುವರಿಯಿತು, ಹಡಗುಗಳೇ ಇಲ್ಲದೆ.

ಅಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂದು ತಿಳಿದದ್ದು ನಾನು ಕಾಲೇಜು ಸೇರಿದ ವರ್ಷ. ಪರೇಲಿನ ಆಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಡಿದೆವು. ಕೊನೆಗೆ ಡಾಕ್ಟರು ಅಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಇನ್ನು ಅವರು ಕೇಳಿದ್ದನ್ನು ಕೊಡಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೆ ನಮ್ಮ ಮುಖ ನೋಡಿಯೇ ಗೊತ್ತಾಯಿತು. ಸ್ಟೇಷನ್ನಿಗೆ ನಡೆಯುತ್ತ ಅವಳೇ ಹೇಳಿದಳು: "ನನಗೆ ಒಂದು ಸಲ ಊರಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರ್ಬೇಕು. ಬಸ್ಸು ಬೇಡ. ಸ್ಟೀಮರಿನಲ್ಲಿ ಪಣಜಿಯವರೆಗೆ ಹೋಗುವ. ನೀವೂ ನನ್ನ ಹತ್ತಿರ ಕೂತ್ಕೊಂಡು ಬರ್ಬೇಕು."

ಕೊಂಕಣ ಕರಾವಳಿಯ ಸ್ಟೀಮರು! ಅಪ್ಪನ ಲೆಕ್ಕದಲ್ಲಿ ಅದಕ್ಕೆ ಅಂಕವೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಹತ್ತು ಕೊಂಕು ತೆಗೆಯುತ್ತಿದ್ದರು. ಅವತ್ತು ಮಾತ್ರ "ಆಯ್ತು" ಎಂದರು.

ಸ್ಟೀಮರು ಹೊರಡುವ ಕಟ್ಟೆಯಾದ ಭಾವುಚಾ ಧಕ್ಕಾದಲ್ಲಿ ಬೆಳಗ್ಗೆ ಬಾಗಿಲು ತೆರೆದದ್ದೇ ಹಮಾಲರು ಹಾಸಿಗೆ ಸುರುಳಿಗಳನ್ನು ಹೊತ್ತು ಓಡಿದರು. ಆ ಸ್ಟೀಮರಿನಲ್ಲಿ ಡೆಕ್ಕಿನ ಟಿಕೆಟಿಗೆ ನಂಬರಿಲ್ಲ. ಯಾರು ಮೊದಲು ಚಾಪೆ ಬಿಚ್ಚಿದರೋ ಜಾಗ ಅವರದ್ದು. ನಮ್ಮ ಹಮಾಲ ಮೇಲಿನ ಡೆಕ್ಕಿನಲ್ಲಿ ಕಂಬಿಯ ಪಕ್ಕ ಒಳ್ಳೆಯ ಜಾಗವನ್ನೇ ಹಿಡಿದಿದ್ದ, ಸಮುದ್ರ ಕಾಣುವಂಥದ್ದು. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಅವಳು ಪಕ್ಕದಲ್ಲಿ ಚಾಪೆಯನ್ನು ಸವರಿ, ಸುಕ್ಕು ತೆಗೆದು, ತನ್ನ ಸೆರಗಿನ ತುದಿಯನ್ನು ಅದರ ಮೇಲಿಟ್ಟಳು. ಅದು ಅಪ್ಪನ ಜಾಗ. ಹಡಗು ಕೂಗಿ ಹೊರಟಾಗ ಅವಳ ಬಾಡಿದ ಮುಖದ ಮೇಲೆ ಬಂದ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಪ್ಪನ ಮುಖ ಮಾತ್ರ ಸುಟ್ಟ ಬದನೆಕಾಯಿ. ಸುತ್ತ ಕೋಳಿ ಬುಟ್ಟಿ, ಅಳುವ ಮಕ್ಕಳು, ಇಸ್ಪೀಟಿನವರು, ಒಣಮೀನಿನ ವಾಸನೆ. ಪ್ರತಿಯೊಂದನ್ನೂ ಕಂಡು ಅವರು ಅಮ್ಮನ ಹತ್ತಿರ ಕ್ಷಮೆ ಕೇಳುವ ಹಾಗೆ ಹೇಳುತ್ತಿದ್ದರು: "ಇಟಲಿಯವರದ್ದರಲ್ಲಿ ಇಷ್ಟು ಹೊತ್ತಿಗೆ ಹಣ್ಣಿನ ರಸ ಬರ್ತಿತ್ತು." "ಇಂಗ್ಲಿಷರದ್ದರಲ್ಲಿ ಡೆಕ್ಕಿನ ಮೇಲೆ ಒಂದು ಕಸ ಕಾಣ್ಲಿಕ್ಕಿಲ್ಲ." ಅಮ್ಮ, "ಗಾಳಿ ಚಂದ ಉಂಟು, ಕೂತ್ಕೊಳ್ಳಿ" ಎಂದಳು. ಅಪ್ಪ ಒಂದು ಮಂಡಿ ಊರಿದರು. ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಬಿಸಿನೀರು ತರುತ್ತೇನೆಂದು ಎದ್ದು ಹೋದರು.

ಹೋದವರು ಬರಲಿಲ್ಲ. ನೀರನ್ನು ಯಾರದೋ ಕೈಯಲ್ಲಿ ಕಳಿಸಿದರು. ಮಧ್ಯಾಹ್ನ ಒಮ್ಮೆ ಗಂಜಿ ತಂದುಕೊಟ್ಟು, ಅವಳು ಕುಡಿಯುವವರೆಗೆ ನಿಂತು, ಬಟ್ಟಲು ಹಿಡಿದು ಮತ್ತೆ ಮಾಯವಾದರು. ದಡದ ಊರುಗಳ ಮುಂದೆ ಸ್ಟೀಮರು ನಿಂತು ಹೊರಟಿತು. ದೋಣಿಗಳು ಬಂದು ಜನರನ್ನು ಇಳಿಸಿಕೊಂಡವು, ಹತ್ತಿಸಿದವು. ಹೊಸದಾಗಿ ಹತ್ತಿದ ಒಬ್ಬಾಕೆ ಖಾಲಿ ಚಾಪೆ ಕಂಡು ಕೂರಲು ಬಂದಳು. ಅಮ್ಮ ಮರಾಠಿಯಲ್ಲಿ, "ಆಮ್ಚೆ ಘರ್‌ಚೆ ಯೇತಾತ್" ಎಂದಳು, ನಮ್ಮ ಮನೆಯವರು ಬರುತ್ತಿದ್ದಾರೆ ಎಂದು. ಸೂರ್ಯ ಇಳಿಯತೊಡಗಿದಾಗ ಅದೇ ಮಾತನ್ನು ಮೂರನೆಯವರಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಬಾ ಮಗಳೇ, ಎಲ್ಲಿದ್ದಾರೆ ಅಂತ. ಸೂರ್ಯ ಮುಳುಗಿ ಹೋಗ್ತದೆ" ಎಂದಳು.

ಅಪ್ಪ ಸಿಕ್ಕಿದ್ದು ಮೇಲಿನ ದರ್ಜೆಯವರ ಊಟದ ಸಲೂನಿನಲ್ಲಿ. ಅಡುಗೆಮನೆಯಲ್ಲಿ ಅವರ ಹಳೆಯ ಜೊತೆಗಾರನೊಬ್ಬ ಕೆಲಸಕ್ಕಿದ್ದ. ಅವನನ್ನು ಕಾಡಿ ಬೇಡಿ, ಇತರರ ಊಟಕ್ಕೆ ಮುಂಚೆ ಒಂದು ಮೂಲೆಯ ಮೇಜು ಕೇಳಿ ಪಡೆದಿದ್ದರು. ಮಧ್ಯಾಹ್ನದಿಂದ ಅದಕ್ಕೇ ಬಡಿದಾಡಿದ್ದಾರೆ. ಬಟ್ಟೆಗೆ ಇಸ್ತ್ರಿ ಹಾಕಿಸಿದ್ದಾರೆ, ಗ್ಲಾಸು ಬೆಳಗಿದ್ದಾರೆ, ಕರವಸ್ತ್ರವನ್ನು ಹೂವಿನ ಹಾಗೆ ಮಡಿಸಿದ್ದಾರೆ. ನಾನು ಹೋದಾಗ ಮೇಜಿನ ಬಟ್ಟೆಗೆ ಬೆರಳಿನಿಂದ ನೀರು ಚಿಮುಕಿಸುತ್ತಿದ್ದರು. ಕಣ್ಣು ಹೊಳೆಯುತ್ತಿತ್ತು. "ಕರ್ಕೊಂಡು ಬಾ ಅವಳನ್ನು. ಮಾತು ಕೊಟ್ಟದ್ದನ್ನು ಉಳಿಸಿಕೊಳ್ತೇನೆ" ಎಂದರು.

"ಅಪ್ಪ, ಅವಳು ಡೆಕ್ಕಿನಲ್ಲಿ ಕಾಯ್ತಾ ಇದ್ದಾಳೆ. ನೀವು ಬಂದು ಕೂತ್ಕೊಂಡ್ರೆ ಸಾಕು."

"ಆ ಗಲೀಜಿನಲ್ಲಾ? ಹೋಗು, ಕರ್ಕೊಂಡು ಬಾ. ಸೂಪು ಆರ್ತದೆ."

ಅಮ್ಮನನ್ನು ತೋಳು ಹಿಡಿದು ಏಳಿಸಿದೆ. ಅವಳು ಕಂಬಿಯಾಚೆ ಒಮ್ಮೆ ನೋಡಿದಳು. ಸೂರ್ಯ ನೀರಿಗೆ ತಾಗಲು ಇನ್ನೂ ಸ್ವಲ್ಪ ಇತ್ತು. ಸೆರಗು ಎತ್ತಿಕೊಂಡು ನನ್ನ ಜೊತೆ ಬಂದಳು. ಸಲೂನಿನ ಬಾಗಿಲಲ್ಲಿ ಅಪ್ಪ ಬಾಗಿ ನಿಂತಿದ್ದರು. ಕುರ್ಚಿ ಎಳೆದು ಅವಳನ್ನು ಕೂರಿಸಿದರು, ಕರವಸ್ತ್ರ ಕೊಡವಿ ಮಡಿಲಿಗೆ ಹಾಸಿದರು. ಅವಳ ಎದುರಿಗೆ ಇನ್ನೊಂದು ಕುರ್ಚಿ, ಪಕ್ಕದಲ್ಲಿ ಮತ್ತೊಂದು. ಅವಳು ಪಕ್ಕದ್ದರ ಮೇಲೆ ಕೈಯಿಟ್ಟು, "ಇಲ್ಲಿ ನೀವು" ಎಂದಳು.

"ಒಂದು ನಿಮಿಷ. ಇದೊಂದು ಬಡಿಸಿಬಿಡ್ತೇನೆ."

ಸೂಪು ಬಡಿಸಿದರು. ಮೀನು ಬಡಿಸಿದರು, ಮುಳ್ಳು ಬಿಡಿಸಿ, ಎಡಗಡೆಯಿಂದ. ಬಡಿಸಿ ಆದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ಅವಳ ಎಡಭುಜದ ಹಿಂದೆ ನಿಂತರು. ಅಷ್ಟು ಚೆನ್ನಾಗಿ ಬಡಿಸಿದ್ದನ್ನು ನಾನು ಆಮೇಲೆ ಯಾವ ದೊಡ್ಡ ಹೋಟೆಲಿನಲ್ಲೂ ನೋಡಿಲ್ಲ. ಆ ಹೊತ್ತಿಗೆ ಮಾತ್ರ ಆ ತಟ್ಟೆಗಳನ್ನೆಲ್ಲ ಎತ್ತಿ ಸಮುದ್ರಕ್ಕೆ ಬಿಸಾಡಬೇಕು ಅನ್ನಿಸಿತು. ಅಮ್ಮನಿಗೆ ಎರಡು ಚಮಚಕ್ಕಿಂತ ಹೆಚ್ಚು ಒಳಗೆ ಹೋಗಲಿಲ್ಲ. ಅವಳು ಉಂಡಷ್ಟು ಹೊತ್ತೂ ಕತ್ತು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಿದ್ದಳು. ಅವಳು ಈ ಕಡೆ ತಿರುಗಿದರೆ ಅಪ್ಪ, ಕಲಿತ ವಿದ್ಯೆ ನೋಡಿ, ಕಣ್ಣಿಗೆ ಬೀಳದ ಹಾಗೆ ಆ ಕಡೆಗೆ ಸರಿಯುತ್ತಿದ್ದರು.

"ಅಪ್ಪ, ಕೂತ್ಕೊಳ್ಳಿ!" ನಾನು ಜೋರಾಗಿಯೇ ಹೇಳಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕರೆ ಬಂತು. ಪುಡಿಂಗ್ ಆಗಿದೆಯಂತೆ. ಅಪ್ಪ ಓಡಿದರು.

ಡೆಕ್ಕಿಗೆ ವಾಪಸು ಬರುವಾಗ ಆಕಾಶದಲ್ಲಿ ಕೆಂಪು ಕೂಡ ಉಳಿದಿರಲಿಲ್ಲ. ನಮ್ಮ ಚಾಪೆಯ ಮೇಲೆ ಯಾರದೋ ಮಕ್ಕಳು ಮಲಗಿದ್ದರು. ಅಮ್ಮ ಅವರನ್ನು ಏಳಿಸಬೇಡ ಎಂದಳು. ಉಳಿದ ಅಂಚಿನಲ್ಲಿ ಮುದುಡಿ ಕೂತು, ಮೆಲ್ಲಗೆ ನನಗೆ ಮಾತ್ರ ಕೇಳುವ ಹಾಗೆ, "ಇವತ್ತಾದ್ರೂ ಕೂತ್ಕೊಳ್ತಾರೆ ಅಂದುಕೊಂಡಿದ್ದೆ" ಎಂದಳು. ಸ್ವಲ್ಪ ಹೊತ್ತಿಗೆ ಅಪ್ಪ ಸಲೂನನ್ನು ಒಪ್ಪ ಮಾಡಿ ಬಂದರು. ಕೂರಲು ಜಾಗವಿರಲಿಲ್ಲ, ಕಂಬಿ ಹಿಡಿದು ನಿಂತರು. ಮಗುವಿನ ಹಾಗೆ ಆಸೆಯಿಂದ ಕೇಳಿದರು: "ಹೇಗಿತ್ತು?"

"ಇಟಲಿಯವರದ್ದು ಎಂತಕ್ಕೂ ಬೇಡ. ಇದೇ ಒಳ್ಳೇದಿತ್ತು" ಎಂದಳು ಅಮ್ಮ. ಅಪ್ಪನ ಮುಖ ಅರಳಿತು.

ಪಣಜಿಯಲ್ಲಿ ಇಳಿದು, ಊರು ಸೇರಿ ಅಜ್ಜಿಯನ್ನು ನೋಡಿಕೊಂಡು, ಅಮ್ಮ ಇನ್ನು ಸ್ಟೀಮರು ಬೇಡ ಎಂದದ್ದರಿಂದ ಬಸ್ಸಿನಲ್ಲೇ ಮರಳಿದೆವು. ಮಳೆಗಾಲ ಶುರುವಾದ ಮೇಲೆ ಚಾಳಿನ ನಮ್ಮ ಖೋಲಿಯಲ್ಲೇ, ಒಂದು ಬೆಳಗ್ಗೆ ನಲ್ಲಿಯ ನೀರು ಬರುವ ಹೊತ್ತಿಗೆ ಅಮ್ಮ ಹೋದಳು. ನಾನು ಅತ್ತದ್ದಕ್ಕಿಂತ ಹೆಚ್ಚು ಅಪ್ಪನ ಮೇಲೆ ಉರಿದೆ. ಎಷ್ಟೊಂದು ಹಡಗು, ಒಂದರಲ್ಲಿ ಕೂರಿಸಲಿಲ್ಲ. ಕೊನೆಗೊಂದು ಸಿಕ್ಕಿತು, ತಾನು ಕೂರಲಿಲ್ಲ. ಆ ದಿನಗಳಲ್ಲಿ ಅವರ ಜೊತೆ ನಾನು ಮಾತಾಡಲಿಲ್ಲ.

ನಮ್ಮ ಕಡೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರಿಗೆ ಬಡಿಸುವ ಕ್ರಮವಿದೆ. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪವಿಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಸತ್ತವರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ಊರಿನ ಮನೆಯಾದರೆ ಅಂಗಳವಿರುತ್ತದೆ. ಇಲ್ಲಿ ಇದ್ದದ್ದು ಒಂದೇ ಖೋಲಿ; ನಾವೆಲ್ಲ ಗ್ಯಾಲರಿಯಲ್ಲಿ ಮಳೆಯ ಎರಚಲಿಗೆ ಒತ್ತೊತ್ತಾಗಿ ನಿಂತೆವು, ಕಾಕಿಯೂ ಇದ್ದಳು, ಊರಿನಿಂದ ಬಂದ ದೊಡ್ಡಪ್ಪನೂ ಇದ್ದರು. ಒಳಗೆ ಅಪ್ಪ ಬಡಿಸುತ್ತಿದ್ದರು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಅನ್ನ, ಸಾರು, ಮೀನು, ಪಾಯಸ. ಎಲ್ಲ ಬಡಿಸಿಯಾದ ಮೇಲೆ ದೀಪದ ಬತ್ತಿ ಸರಿಮಾಡಿದರು. ನಾವು ಅವರು ಹೊರಗೆ ಬರುವುದನ್ನು ಕಾದೆವು.

ಅಪ್ಪ ಬರಲಿಲ್ಲ. ಎಲೆಯ ಪಕ್ಕದಲ್ಲಿ, ಗೋಡೆಗೆ ಒರಗಿ, ಕಾಲು ಮಡಚಿ ಕೂತರು. ಚಟ್ಟಮುಟ್ಟ ಹಾಕಿ, ಇನ್ನು ಏಳುವ ಕೆಲಸವೇ ಇಲ್ಲದವರ ಹಾಗೆ. ನಾನು ಹುಟ್ಟಿದ ಮೇಲೆ ಅವರು ಅಮ್ಮನ ಪಕ್ಕದಲ್ಲಿ ಊಟಕ್ಕೆ ಕೂತದ್ದು ಅದೇ ಮೊದಲು. ಅಷ್ಟು ದಿನ ಎದೆಯಲ್ಲಿ ಹಿಡಿದಿಟ್ಟ ಸಿಟ್ಟು ನನ್ನಲ್ಲಿ ಒಮ್ಮೆಗೇ ಮುರಿದುಬಿತ್ತು, ಬಾಯಿಗೆ ಸೆರಗು ಒತ್ತಿಕೊಂಡೆ.

ದೊಡ್ಡಪ್ಪ ಹೊಸ್ತಿಲಿನಿಂದ ಕರೆದರು: "ಎದ್ದು ಬಾ. ಬಾಗಿಲು ಹಾಕ್ಬೇಕು."

"ನಾನು ಇಲ್ಲೇ ಕೂತ್ಕೊಳ್ತೇನೆ. ಅವಳಿಗೆ ಒಬ್ಬಳೇ ಉಣ್ಣುವುದು ಸೇರುವುದಿಲ್ಲ."

ದೊಡ್ಡಪ್ಪ ಕೆಟ್ಟವರಲ್ಲ. ಮೆತ್ತಗೆ ಹೇಳಿದರು: "ಮನುಷ್ಯರು ಒಳಗಿದ್ರೆ ಅವಳು ಬರ್ಲಿಕ್ಕಿಲ್ಲ ಮಾರಾಯ. ನೀನು ಕೂತ್ರೆ ಅವಳು ಉಪವಾಸ."

ಅಪ್ಪ ಎಲೆಯನ್ನು ನೋಡಿದರು. ಗೋಡೆ ಹಿಡಿದು ಎದ್ದರು, ಹೊರಗೆ ಬಂದು ನಮ್ಮ ನಡುವೆ ನಿಂತರು. ದೊಡ್ಡಪ್ಪ ಬಾಗಿಲು ಎಳೆದುಕೊಂಡರು.